ಹೊಸದೋ, ಒಳ್ಳೆಯದೋ

ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಇದು ಹೊಸದೇ ಎಂದು ಕೇಳುವುದು ಬೇರೆ, ಇದು ಒಳ್ಳೆಯದೇ ಎಂದು ಕೇಳುವುದು ಬೇರೆ. ದಿನನಿತ್ಯದ ಬದುಕಿನಲ್ಲಿ ನಾವು ಈ ಎರಡನ್ನೂ ಕಲಸಿಕೊಂಡೇ ಇರುತ್ತೇವೆ. ಆದರೆ ಸಂಬಳ ತೆಗೆದುಕೊಂಡು ಮೊದಲನೆಯ ಪ್ರಶ್ನೆಯನ್ನು ಮಾತ್ರ ಕೇಳುವ, ಎರಡನೆಯದನ್ನು ಹೆಚ್ಚುಕಡಿಮೆ ಬಾಯಿಬಿಡದೆ ನುಂಗಿಕೊಳ್ಳುವ ಒಂದು ಉದ್ಯೋಗವಿದೆ. ಅದು ಪೇಟೆಂಟ್ ಪರೀಕ್ಷಕನದು. ಆಲ್ಬರ್ಟ್ ಐನ್‌ಸ್ಟೈನ್ 1902ರಿಂದ 1909ರವರೆಗೆ ಬರ್ನ್ ಪಟ್ಟಣದಲ್ಲಿ ಈ ಕೆಲಸ ಮಾಡಿದ ಎಂಬುದನ್ನು ಬಿಟ್ಟರೆ ಅದರ ಬಗ್ಗೆ ನಮ್ಮಲ್ಲಿ ಬಹಳ ಜನ ಯೋಚಿಸಿರುವುದಿಲ್ಲ.

ಇಂಥ ಒಬ್ಬ ಪರೀಕ್ಷಕನ ಮೇಜಿಗೆ ಎಲೆಕ್ಟ್ರಾನಿಕ್ ಡಿಟೋನೇಟರಿನ ಅರ್ಜಿಯೊಂದು ಬಂದಿದೆ ಎನ್ನಿ. ಕೇಳಬೇಕಾದ್ದನ್ನೆಲ್ಲ 1970ರ ಪೇಟೆಂಟ್ ಕಾಯಿದೆ ಮೊದಲೇ ಗೊತ್ತುಮಾಡಿಟ್ಟಿದೆ. ಇದು ಜಗತ್ತಿನಲ್ಲಿ ಎಲ್ಲಿಯೂ ಈ ಹಿಂದೆ ಪ್ರಕಟವಾಗಿಲ್ಲವೇ? ಈ ಕೆಲಸ ಬಲ್ಲವನಿಗೆ ತಾನಾಗಿ ಹೊಳೆಯುವಂಥದ್ದೇ, ಅಥವಾ ಅದಕ್ಕಿಂತ ಒಂದು ಹೆಜ್ಜೆ ಮುಂದಿನದೇ? ಕಾರ್ಖಾನೆಯಲ್ಲಿ ಮಾಡಿ ಬಳಸಲು ಬರುತ್ತದೆಯೇ? ಓದಿದವನು ತಾನೇ ಮಾಡಬಲ್ಲಷ್ಟು ಬಿಡಿಸಿ ಬರೆದಿದ್ದಾರೆಯೇ? ಇಷ್ಟಕ್ಕೆ ಉತ್ತರ ಸಿಕ್ಕಿದರೆ 20 ವರ್ಷದ ಹಕ್ಕು. ಕೊನೆಯ ಪ್ರಶ್ನೆಯನ್ನು ಸ್ವಲ್ಪ ಗಮನಿಸಬೇಕು. ಸಿಡಿಸುವ ಸಾಧನವೊಂದನ್ನು ಮುಂದಿಟ್ಟುಕೊಂಡು ಸರ್ಕಾರದ ಅಧಿಕಾರಿಯೊಬ್ಬ, 'ನೀವು ಸಾಕಷ್ಟು ವಿವರವಾಗಿ ಬರೆದಿಲ್ಲ, ಇನ್ನೂ ಸ್ಪಷ್ಟವಾಗಿರಬೇಕು' ಎಂದು ಆಕ್ಷೇಪ ಎತ್ತಬಹುದು. ಎತ್ತದಿದ್ದರೆ ಅವನು ಕರ್ತವ್ಯಲೋಪ ಮಾಡಿದಂತೆ. ಪೇಟೆಂಟ್ ಎಂಬ ಮಾತಿನ ಲ್ಯಾಟಿನ್ ಮೂಲದ ಅರ್ಥವೇ 'ತೆರೆದದ್ದು' ಎಂದು. ನಿನ್ನ ಗುಟ್ಟನ್ನು ಊರಿಗೆಲ್ಲ ಹೇಳು, ನಿನಗೆ ಕೆಲಕಾಲ ಏಕಸ್ವಾಮ್ಯ ಕೊಡುತ್ತೇವೆ ಎಂಬ ಒಪ್ಪಂದ ಅದು.

ಸಾಧನ ಎಂಥದ್ದು ಎಂಬುದನ್ನು ತಿಳಿಯದೆ ಅದರ ಪಾಪಪುಣ್ಯ ಮಾತಾಡುವುದು ಸರಿಯಲ್ಲ. ಮಲೆನಾಡಿನ ಕೇಪಿನ ಕೋವಿಯನ್ನು ಕಂಡವರಿಗೆ ಇದರ ತತ್ವ ಹೊಸದೇನೂ ಅಲ್ಲ. ದೊಡ್ಡ ಮದ್ದು ತಾನಾಗಿ ಹೊತ್ತುವುದಿಲ್ಲ, ಅದನ್ನು ಎಬ್ಬಿಸಲು ಒಂದು ಸಣ್ಣ ಮದ್ದು ಬೇಕು. ಕಲ್ಲುಗಣಿಯಲ್ಲಿ ಬಂಡೆಗೆ ಸಾಲಾಗಿ ಕುಳಿ ಕೊರೆದು, ಒಳಗೆ ಸ್ಫೋಟಕ ತುಂಬಿ, ಪ್ರತಿಯೊಂದಕ್ಕೂ ಬೆರಳುದ್ದದ ಲೋಹದ ನಳಿಗೆಯೊಂದನ್ನು ಇಡುತ್ತಾರೆ. ಅದು ಡಿಟೋನೇಟರ್. ಎಲ್ಲ ಕುಳಿಗಳೂ ಒಟ್ಟಿಗೆ ಸಿಡಿದರೆ ನೆಲ ಅದುರುತ್ತದೆ, ಕಲ್ಲು ಎತ್ತೆತ್ತಲೋ ಹಾರುತ್ತದೆ, ಬಂಡೆಯೂ ಬೇಕಾದಂತೆ ಒಡೆಯುವುದಿಲ್ಲ. ಆದ್ದರಿಂದ ಮುಂದಿನ ಸಾಲು ಮೊದಲು, ಅದು ಸರಿದು ಜಾಗ ಬಿಟ್ಟ ಮೇಲೆ ಹಿಂದಿನ ಸಾಲು, ಹೀಗೆ ಸೆಕೆಂಡಿನ ಸಣ್ಣಸಣ್ಣ ಚೂರುಗಳ ಅಂತರದಲ್ಲಿ ಸಿಡಿಸಬೇಕು. ಎಂಟು ಮಿಲಿಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಸಿಡಿದದ್ದನ್ನು ಒಟ್ಟಿಗೆ ಸಿಡಿದಂತೆಯೇ ಲೆಕ್ಕ ಹಾಕುವುದು ಈ ಕಸುಬಿನ ಹಳೆಯ ರೂಢಿ.

ಈ ಅಂತರವನ್ನು ಹಿಂದೆ ಕೊಡುತ್ತಿದ್ದುದು, ಈಗಲೂ ಎಷ್ಟೋ ಕಡೆ ಕೊಡುವುದು, ನಳಿಗೆಯೊಳಗೆ ನಿಧಾನವಾಗಿ ಉರಿಯುವ ಒಂದು ಪುಡಿ. ಪುಡಿ ಪುಡಿಯೇ. ಒಂದು ತಂಡದಲ್ಲಿ ಮಾಡಿದ್ದು ಕೊಂಚ ಬೇಗ ಉರಿದರೆ ಇನ್ನೊಂದು ತಡವಾಗಿ ಉರಿಯುತ್ತದೆ. ಅರ್ಧ ಸೆಕೆಂಡಿಗೆಂದು ಇಟ್ಟದ್ದು ಹತ್ತಿಪ್ಪತ್ತು ಮಿಲಿಸೆಕೆಂಡು ಆಚೀಚೆ ಆಗಬಹುದು. ಎಲೆಕ್ಟ್ರಾನಿಕ್ ಡಿಟೋನೇಟರಿನಲ್ಲಿ ಈ ಪುಡಿಯ ಜಾಗಕ್ಕೆ ಒಂದು ಚಿಪ್ಪು ಬಂದಿದೆ. ವಿದ್ಯುತ್ತನ್ನು ಹಿಡಿದಿಡಲು ಒಂದು ಕೆಪಾಸಿಟರು, ಕಾಲವನ್ನು ಎಣಿಸಲು ಒಂದು ಗಡಿಯಾರ, ಪ್ರತಿಯೊಂದಕ್ಕೂ ತನ್ನದೇ ಗುರುತಿನ ಸಂಖ್ಯೆ. ಒಂದೊಂದು ಮಿಲಿಸೆಕೆಂಡಿನ ಲೆಕ್ಕದಲ್ಲಿ ಸಮಯ ಕೊಡಬಹುದು. ತನಗೆಂದೇ ಮಾಡಿದ ಯಂತ್ರದಿಂದ ಸಂಕೇತ ಬಂದರೆ ಮಾತ್ರ ಸಿಡಿಯುವಂತೆ ಅದನ್ನು ರೂಪಿಸಿರುತ್ತಾರೆ. ಹಳೆಯ ಎಲೆಕ್ಟ್ರಿಕ್ ಡಿಟೋನೇಟರಿಗೆ ಈ ಬೀಗ ಇರಲಿಲ್ಲ, ಸಾಕಷ್ಟು ವಿದ್ಯುತ್ತು ಎಲ್ಲಿಂದ ಬಂದರೂ ಅದಕ್ಕೆ ಒಂದೇ. ಭಾರತ ಸರ್ಕಾರ 2025ರ ಏಪ್ರಿಲ್ 1ರಿಂದ ಎಲೆಕ್ಟ್ರಿಕ್ ಡಿಟೋನೇಟರುಗಳ ತಯಾರಿಕೆಯನ್ನೂ ಆಮದನ್ನೂ ಅವನ್ನು ಇಟ್ಟುಕೊಳ್ಳುವುದನ್ನೂ ನಿಷೇಧಿಸಿತು.

ಹಾಗಾದರೆ ಹೊಸದು ಹಳೆಯದಕ್ಕಿಂತ ಒಳ್ಳೆಯದು ಎಂದಾಯಿತಲ್ಲ, ಚರ್ಚೆಗೆ ಏನುಳಿಯಿತು ಎನ್ನಬಹುದು. ಉಳಿದಿದೆ. ಈ ಕಸುಬಿನಲ್ಲಿ ಬಂದ ಪ್ರತಿಯೊಂದು ಸುಧಾರಣೆಯೂ ಪ್ರಾಣ ಉಳಿಸುವ ಮಾತನ್ನಾಡುತ್ತಲೇ ಬಂದಿದೆ, ಮತ್ತು ಅದು ಸುಳ್ಳೂ ಅಲ್ಲ. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ವಿಲಿಯಂ ಬಿಕ್‌ಫರ್ಡ್ ಎಂಬ ಚರ್ಮದ ವ್ಯಾಪಾರಿ 1831ರಲ್ಲಿ ಸುರಕ್ಷಿತ ಬತ್ತಿಗೆ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಗಣಿಯವರು ಹುಲ್ಲಿನ ಕೊಳವೆಗೋ ಹಕ್ಕಿಯ ಗರಿಯ ದಂಟಿಗೋ ಮದ್ದಿನ ಪುಡಿ ತುಂಬಿ ಹಚ್ಚುತ್ತಿದ್ದರು. ಅದು ಯಾವಾಗ ಸಿಡಿಯುತ್ತದೆಂದು ದೇವರಿಗೇ ಗೊತ್ತು, ಎಷ್ಟೋ ಜನ ಸತ್ತರು, ಕಣ್ಣು ಕೈ ಕಳೆದುಕೊಂಡರು. ಬಿಕ್‌ಫರ್ಡನಿಗೆ ಅದನ್ನು ನೋಡಲಾಗಲಿಲ್ಲ. ಹಗ್ಗ ಹೊಸೆಯುವ ರೀತಿಯಲ್ಲಿ ನೂಲಿನೊಳಗೆ ಮದ್ದನ್ನು ಹೊಸೆದು, ಇಷ್ಟುದ್ದಕ್ಕೆ ಇಷ್ಟು ಹೊತ್ತು ಎಂದು ನೆಮ್ಮದಿಯಾಗಿ ಉರಿಯುವ ಬತ್ತಿ ಮಾಡಿದ. ಮುಂದೆ ಆಲ್ಫ್ರೆಡ್ ನೊಬೆಲ್. 1864ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನ ಅವರ ಕಾರ್ಖಾನೆಯಲ್ಲಿ ನೈಟ್ರೋಗ್ಲಿಸರಿನ್ ಸಿಡಿದು ಸತ್ತವರಲ್ಲಿ ಅವನ ತಮ್ಮ ಎಮಿಲ್ ಒಬ್ಬ. ಆ ದ್ರವವನ್ನು ಬೇಕೆಂದಾಗ ಮಾತ್ರ ಎಬ್ಬಿಸುವ ಡಿಟೋನೇಟರನ್ನೂ, ಬೇಡವೆಂದಾಗ ಮಲಗಿರುವಂತೆ ಮಾಡುವ ಡೈನಮೈಟನ್ನೂ ಅವನು ರೂಪಿಸಿದ. ಡೈನಮೈಟಿಗೆ 1867ರಲ್ಲಿ ಪೇಟೆಂಟ್ ಸಿಕ್ಕಿತು. ಮದ್ದು ಪಳಗಿದಷ್ಟೂ ಅದನ್ನು ಹಿಡಿಯುವ ಕೈಗಳು ಹೆಚ್ಚಾದವು. ಪಳಗಿದ ಆನೆಯಿಂದಲೇ ಅಲ್ಲವೇ ಯುದ್ಧ ಮಾಡಿಸುವುದು?

ಈಗ ಅರ್ಜಿಯ ಭಾಷೆಗೆ ಬರುತ್ತೇನೆ. ಪೇಟೆಂಟ್ ಕಚೇರಿ ಪ್ರತಿ ಶುಕ್ರವಾರ ತನ್ನ ಜರ್ನಲನ್ನು ಪ್ರಕಟಿಸುತ್ತದೆ. ಸಾಮಾನ್ಯವಾಗಿ ಅರ್ಜಿ ಹಾಕಿದ 18 ತಿಂಗಳ ಮೇಲೆ ಅದನ್ನು ಯಾರು ಬೇಕಾದರೂ ಓದಬಹುದು. ಕುತೂಹಲಕ್ಕೆಂದು ಇಂಥ ಕೆಲವನ್ನು ಓದಿದ್ದೇನೆ. ಓದಿ ಸುಖಪಡುವ ಗದ್ಯವಲ್ಲ. ಕೊನೆಯಲ್ಲಿ 'ಹಕ್ಕುಕೋರಿಕೆ' ಎಂಬ ಭಾಗ ಬರುತ್ತದೆ. ಅದರ ಒಂದೊಂದು ಕಲಮೂ ಒಂದೇ ವಾಕ್ಯ, ಒಂದು ಪುಟವಾದರೂ ಮುಗಿಯದ ವಾಕ್ಯ. ಇಂಥದನ್ನು ಒಳಗೊಂಡ, ಇಂಥದಕ್ಕೆ ಜೋಡಿಸಲ್ಪಟ್ಟ, ಇಂಥ ಸಂಕೇತ ಬಂದಾಗ ಇಂಥದನ್ನು ಮಾಡುವಂತೆ ರೂಪಿತವಾದ ಒಂದು ಸಾಧನ, ಎಂದು ವಿಶೇಷಣದ ಮೇಲೆ ವಿಶೇಷಣ. ಓದುತ್ತ ನನಗೆ ನಮ್ಮ ತರ್ಕಶಾಸ್ತ್ರದ ಲಕ್ಷಣವಾಕ್ಯಗಳ ನೆನಪಾಯಿತು. ಹಸು ಎಂದರೇನು ಎಂದು ಕೇಳಿದರೆ 'ಕೊಂಬಿರುವುದು' ಎಂದರೆ ಅದು ಎಮ್ಮೆಗೂ ಹೋಗಿ ಹತ್ತುತ್ತದೆ, ಅತಿವ್ಯಾಪ್ತಿ. 'ಕಂದು ಬಣ್ಣದ್ದು' ಎಂದರೆ ಬಿಳಿಯ ಹಸು ಹೊರಗೆ ನಿಲ್ಲುತ್ತದೆ, ಅವ್ಯಾಪ್ತಿ. 'ಒಂದೇ ಗೊರಸಿನದು' ಎಂದರೆ ಯಾವ ಹಸುವಿಗೂ ಹೊಂದುವುದಿಲ್ಲ, ಅಸಂಭವ. ಪರೀಕ್ಷಕನ ಕೆಲಸದ ಬಹುಪಾಲು ಇದೇ. ಅರ್ಜಿದಾರ ಅತಿವ್ಯಾಪ್ತಿಯ ಕಡೆಗೆ ಎಳೆಯುತ್ತಾನೆ, ಕೊಂಬಿರುವುದೆಲ್ಲ ತನ್ನದಾಗಲಿ ಎಂದು. ಪರೀಕ್ಷಕ ಅವನನ್ನು ಹಿಂದಕ್ಕೆ ಎಳೆದು ಅವನ ಕೊಟ್ಟಿಗೆಯ ಹಸುವಿಗೆ ಮಾತ್ರ ಕಟ್ಟಿಹಾಕುತ್ತಾನೆ.

ಈ ವಾಕ್ಯಗಳಲ್ಲಿ ಮನುಷ್ಯರಿಲ್ಲ. ವಿವರಣೆಯ ಮೊದಲ ಪುಟಗಳಲ್ಲಿ, ಹಿನ್ನೆಲೆ ಎಂಬ ತಲೆಬರಹದ ಕೆಳಗೆ, 'ಕೆಲಸಗಾರರ ಸುರಕ್ಷತೆ', 'ಸುತ್ತಲಿನ ಕಟ್ಟಡಗಳಿಗೆ ಹಾನಿ' ಎಂದೆಲ್ಲ ಬರುತ್ತದೆ. ಅಲ್ಲಿ ಗೋಡೆ ಬಿರುಕು ಬಿಡುತ್ತದೆ, ಯಾರೋ ಗಾಯಗೊಳ್ಳುತ್ತಾರೆ. ಹಕ್ಕುಕೋರಿಕೆಗೆ ಬರುವಷ್ಟರಲ್ಲಿ ಅವರೆಲ್ಲ ಮಾಯ. ಕಾನೂನು ಹಕ್ಕು ಕೊಡುವುದು ಈ ಎರಡನೆಯ ಭಾಗಕ್ಕೆ. ಇದರಲ್ಲಿ ಮೋಸವೇನೂ ಇಲ್ಲ. ಸಾಧನದ ಲಕ್ಷಣದಲ್ಲಿ ಮನುಷ್ಯ ಸೇರುವುದಿಲ್ಲ, ಹಸುವಿನ ಲಕ್ಷಣದಲ್ಲಿ ಹಾಲು ಕುಡಿಯುವವನು ಸೇರದ ಹಾಗೆ. ಅರ್ಜಿಯ ವಸ್ತು ಸಹಜವೇ, ಹೊಸದೇ ಎಂದು ತೂಗಲು ಕಾನೂನು ಕಲ್ಪಿಸಿಕೊಂಡಿರುವ 'ಆ ಕಲೆಯಲ್ಲಿ ನುರಿತ ವ್ಯಕ್ತಿ' ಕೂಡ ಇಂಥವನೇ. ಅವನು ಎಲ್ಲ ಓದಿದ್ದಾನೆ, ಎಲ್ಲ ಬಲ್ಲ, ಕಲ್ಪನೆ ಮಾತ್ರ ಇಲ್ಲ. ಅವನಿಗೆ ಊರಿಲ್ಲ, ಹೆಂಡತಿ ಮಕ್ಕಳಿಲ್ಲ, ರಾತ್ರಿ ನಿದ್ದೆ ಕೆಡುವುದೂ ಇಲ್ಲ.

ಕಾನೂನು ಒಳಿತುಕೆಡುಕಿನ ಮಾತನ್ನೇ ಎತ್ತುವುದಿಲ್ಲ ಎಂದರೆ ಅನ್ಯಾಯವಾದೀತು. ನಮ್ಮ ಕಾಯಿದೆಯ 3(ಬಿ) ಕಲಮಿದೆ. ಯಾವುದರ ಪ್ರಧಾನ ಅಥವಾ ಉದ್ದೇಶಿತ ಬಳಕೆ ಸಾರ್ವಜನಿಕ ಸುವ್ಯವಸ್ಥೆಗೋ ನೀತಿಗೋ ವಿರುದ್ಧವಾಗಬಹುದೋ, ಯಾವುದು ಮನುಷ್ಯ ಪ್ರಾಣಿ ಸಸ್ಯಗಳ ಜೀವಕ್ಕೆ, ಆರೋಗ್ಯಕ್ಕೆ, ಪರಿಸರಕ್ಕೆ ಗಂಭೀರ ಹಾನಿ ಮಾಡುವುದೋ ಅದು ಆವಿಷ್ಕಾರವೇ ಅಲ್ಲ ಎನ್ನುತ್ತದೆ ಅದು. 2002ರ ತಿದ್ದುಪಡಿಯಲ್ಲಿ ಬಂದ ವಿಸ್ತಾರ ಇದು. ಕಚೇರಿಯ ಕೈಪಿಡಿ ಕೊಡುವ ಉದಾಹರಣೆಗಳು ಕಳ್ಳತನದ ಸಾಧನ, ಖೋಟಾ ನೋಟಿನ ಯಂತ್ರ, ಜೂಜಿನ ಸಾಧನ ಇಂಥವು. ಅಮೆರಿಕದಲ್ಲಿ 1817ರಷ್ಟು ಹಿಂದೆಯೇ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ, ನೀರೆತ್ತುವ ಪಂಪಿನ ಒಂದು ವ್ಯಾಜ್ಯದಲ್ಲಿ, ಜನಕ್ಕೆ ವಿಷವಿಕ್ಕುವ ಅಥವಾ ಗುಟ್ಟಾಗಿ ಕೊಲ್ಲಲು ಒದಗುವ ಆವಿಷ್ಕಾರಕ್ಕೆ ಪೇಟೆಂಟ್ ಸಲ್ಲದು ಎಂಬ ಅಭಿಪ್ರಾಯ ಬರೆದಿದ್ದ. ಯುರೋಪಿನವರ ಮಾರ್ಗದರ್ಶಿ ಸೂತ್ರಗಳಲ್ಲಿ ನೆಲಬಾಂಬು ಹೆಸರಿಟ್ಟೇ ಹೊರಗಿದೆ. ಆದರೆ ಅದೇ ಸೂತ್ರಗಳಲ್ಲಿ ಇನ್ನೊಂದು ಉದಾಹರಣೆಯೂ ಇದೆ, ಅದು ನನಗೆ ಬಹಳ ಹಿಡಿಸಿತು. ಬೀಗ ಹಾಕಿದ ತಿಜೋರಿಯನ್ನು ಒಡೆಯುವ ಒಂದು ವಿಧಾನಕ್ಕೆ ಯಾರೋ ಪೇಟೆಂಟ್ ಕೇಳಿದರೆ? ಕಳ್ಳನಿಗೂ ಅದು ಬೇಕು, ಬೀಗದ ಕೈ ಕಳೆದಾಗ ಕರೆಸುವ ಬೀಗದವನಿಗೂ ಅದು ಬೇಕು. ಹೀಗಿದ್ದಾಗ ಆಕ್ಷೇಪ ಎತ್ತಬೇಕಿಲ್ಲ ಎನ್ನುತ್ತದೆ ಸೂತ್ರ. ಒಂದು ಸಜ್ಜನ ಬಳಕೆ ಇದ್ದರೆ ಸಾಕು.

ಈ ತರ್ಕದಲ್ಲಿ ನಮ್ಮ ಡಿಟೋನೇಟರು ಸಲೀಸಾಗಿ ದಾಟಿಹೋಗುತ್ತದೆ. ಸುರಂಗ, ರಸ್ತೆ, ಗಣಿ, ಜಲ್ಲಿ ಯಾವುದೂ ಅದಿಲ್ಲದೆ ಆಗುವುದಿಲ್ಲ. ತಮಾಷೆಯೆಂದರೆ ಅದು ಎಡವುವ ಸಂಭವವಿರುವುದು ಬೇರೆ ಕಡೆ. 3(ಕೆ) ಕಲಮಿನ ಪ್ರಕಾರ ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ, ಗಣಿತದ ವಿಧಾನಕ್ಕೆ ಪೇಟೆಂಟ್ ಇಲ್ಲ. ಚಿಪ್ಪಿನೊಳಗೆ ಎಣಿಸುವ ಲೆಕ್ಕವನ್ನೇ ಮುಂದೆಮಾಡಿ ಹಕ್ಕು ಕೇಳಿದರೆ ಪರೀಕ್ಷಕ ತಡೆಯುತ್ತಾನೆ. ಸಿಡಿಯುವುದಕ್ಕೆ ಆಕ್ಷೇಪವಿಲ್ಲದ ಕಾನೂನಿಗೆ ಎಣಿಸುವುದಕ್ಕೆ ಆಕ್ಷೇಪವಿದೆ.

ಚಾಕುವಿನ ವಾದವನ್ನು ಇಲ್ಲಿ ಎಲ್ಲರೂ ತರುತ್ತಾರೆ. ಈಳಿಗೆಮಣೆಯಿಂದ ತರಕಾರಿ ಹೆಚ್ಚಬಹುದು, ಕೊಲೆಯನ್ನೂ ಮಾಡಬಹುದು, ಈಳಿಗೆಯದೇನು ತಪ್ಪು? ನನಗೆ ಈ ವಾದ ಯಾವತ್ತೂ ಅಷ್ಟು ಸರಿಹೋಗಿಲ್ಲ. ಈಳಿಗೆ ಅಡುಗೆಮನೆಯಲ್ಲಿ ಹುಟ್ಟಿದ್ದು, ಅದರ ಆಕಾರವೇ ಅಡುಗೆಯ ಕಡೆ ಬಾಗಿದೆ. ಡಿಟೋನೇಟರು ಯಾವ ಕಡೆಗೂ ಬಾಗಿಲ್ಲ. ಅದರ ಕೆಲಸ 'ಯಾವಾಗ' ಎಂಬುದನ್ನು ತೀರ್ಮಾನಿಸುವುದು ಮಾತ್ರ, 'ಎಲ್ಲಿ', 'ಯಾರ ಪಕ್ಕದಲ್ಲಿ' ಎಂಬುದು ಬೇರೆಯವರ ಕೈಲಿದೆ. ಆದರೆ ಅದರ ಒಳಗಿನ ಗುರುತಿನ ಸಂಖ್ಯೆ, ಸಂಕೇತದ ಬೀಗ ಇವು ತಟಸ್ಥವಲ್ಲ. ಕದ್ದವನ ಕೈಯಲ್ಲಿ ಅದು ಸುಮ್ಮನೆ ಬಿದ್ದಿರಲಿ ಎಂದು ಯಾರೋ ಯೋಚಿಸಿ ಇಟ್ಟದ್ದು ಅದು. ಅಂದರೆ ಒಂದು ನೈತಿಕ ವಿಚಾರ ತಾಮ್ರದ ಎಳೆಯಾಗಿ, ಸಿಲಿಕಾನಾಗಿ ಹಕ್ಕುಕೋರಿಕೆಯೊಳಗೆ ಸೇರಿಕೊಂಡಿದೆ. ಪರೀಕ್ಷಕ ಅದನ್ನು ಓದುತ್ತಾನೆ, ಹೊಸದೇ ಎಂದು ತೂಗುತ್ತಾನೆ. ಅದು ಯಾಕಿದೆ ಎಂಬುದನ್ನು ತೂಗುವ ತಟ್ಟೆ ಅವನ ತಕ್ಕಡಿಯಲ್ಲಿಲ್ಲ.

ನನ್ನ ತಂಗಿಯ ಮಗ ಈ ಕೆಲಸದಲ್ಲಿದ್ದಾನೆ. ಒಮ್ಮೆ ಹಬ್ಬಕ್ಕೆ ಬಂದಾಗ ಅವನನ್ನು ಈ ವಿಷಯಕ್ಕೆ ಎಳೆದೆ.

"ಮಾವ, ನನ್ನ ಮುಂದೆ ಬಾಂಬು ಬರುತ್ತೆ ಅಂತ ತಿಳಕೊಂಡಿದೀರಿ ನೀವು. ನನ್ನ ಮುಂದೆ ಬರೋದು ಕಾಗದ," ಎಂದ.

"ಕಾಗದದಲ್ಲಿ ಬರೆದಿರೋದು ಏನಪ್ಪ?"

"ಏನೇ ಇರಲಿ. ಪೇಟೆಂಟ್ ಕೊಟ್ರೆ ಮಾಡೋಕೆ ಪರವಾನಗಿ ಕೊಟ್ಟಂಗೆ ಅಲ್ಲ. ಬೇರೆಯವರು ಮಾಡದಂಗೆ ತಡೆಯೋ ಹಕ್ಕು, ಅಷ್ಟೆ. ಮಾಡೋಕೆ, ಇಟ್ಟುಕೊಳ್ಳೋಕೆ, ಸಾಗಿಸೋಕೆ ಸ್ಫೋಟಕ ಇಲಾಖೆಯವರು ಲೈಸೆನ್ಸ್ ಕೊಡಬೇಕು. ಗಣಿ ಎಲ್ಲಿ ಮಾಡಬೇಕು ಅಂತ ಇನ್ನೊಬ್ಬರು ಹೇಳ್ತಾರೆ. ಸರಿ ತಪ್ಪು ನಾನು ನೋಡೋಕೆ ಹೋದ್ರೆ ಅವರು ಯಾಕಿರಬೇಕು?"

"ಅವರೂ ಹಿಂಗೇ ಅಂದುಕೊಂಡಿದ್ರೆ?"

ಅವನು ನಕ್ಕ. "ಅದು ನನ್ನ ಟೇಬಲ್ಲಿನ ಪ್ರಶ್ನೆ ಅಲ್ಲ ಮಾವ."

ಅವನ ಮಾತಿನಲ್ಲಿ ನಾನು ಮೊದಲು ಎಣಿಸಿದ್ದಕ್ಕಿಂತ ಹೆಚ್ಚು ಸತ್ಯವಿದೆ. ಪರೀಕ್ಷಕನೊಬ್ಬ ನೀತಿಯ ಹೆಸರಿನಲ್ಲಿ ಇಂಥ ಅರ್ಜಿಯನ್ನು ತಳ್ಳಿಹಾಕಿದ ಎಂದೇ ಇಟ್ಟುಕೊಳ್ಳಿ. ಏನಾಗುತ್ತದೆ? ಅರ್ಜಿ ಆಗಲೇ ಪ್ರಕಟವಾಗಿದೆ, ಚಿತ್ರಸಮೇತ. ಅದಕ್ಕೆ ಒಡೆಯ ಇಲ್ಲವೆಂದಾದರೆ ಅದು ಎಲ್ಲರದೂ ಆಗುತ್ತದೆ. ಕೊಟ್ಟಿದ್ದರೆ 20 ವರ್ಷ ಒಂದು ಕಂಪನಿಯ ಕೈಯಲ್ಲಾದರೂ ಇರುತ್ತಿತ್ತು. ಪಾಪಕ್ಕೆ ಏಕಸ್ವಾಮ್ಯ ನಿರಾಕರಿಸಿದರೆ ಪಾಪ ಹಂಚಿಹೋಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಲಿಯೋ ಸಿಲಾರ್ಡ್ ಎಂಬ ಭೌತವಿಜ್ಞಾನಿ ಇದನ್ನು ತಿರುವುಮುರುವಾಗಿ ಉಪಯೋಗಿಸಲು ನೋಡಿದ್ದ. ನ್ಯೂಟ್ರಾನುಗಳ ಸರಪಣಿ ಕ್ರಿಯೆಯ ಕಲ್ಪನೆಗೆ 1934ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಅರ್ಜಿ ಹಾಕಿ, ಅದು ಬಯಲಾಗದಿರಲೆಂದು 1936ರಲ್ಲಿ ಅದನ್ನು ಬ್ರಿಟಿಷ್ ನೌಕಾ ಇಲಾಖೆಗೆ ಒಪ್ಪಿಸಿಬಿಟ್ಟ. ಅದು 1949ರವರೆಗೂ ಗುಪ್ತವಾಗಿಯೇ ಇತ್ತು. ಆದರೆ 1938ರ ಕೊನೆಗೆ ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಒಡೆಯುವುದನ್ನು ಬೇರೆ ದಾರಿಯಿಂದ ಕಂಡುಕೊಂಡರು; 1945ರಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಕಡತ ಮುಚ್ಚಿತ್ತು, ಜಗತ್ತು ತೆರೆದಿತ್ತು. ನಮ್ಮ ಕಾಯಿದೆಯ 35ನೆಯ ಕಲಮಿನಲ್ಲೂ ರಕ್ಷಣೆಗೆ ಸಂಬಂಧಿಸಿದ ಆವಿಷ್ಕಾರವನ್ನು ಪ್ರಕಟಿಸದಂತೆ ತಡೆಹಿಡಿಯುವ ಅಧಿಕಾರವಿದೆ. ಅದು ದೇಶದ ಹಿತಕ್ಕಾಗಿ ಇಟ್ಟ ಬೀಗ, ನೀತಿಗಾಗಿ ಅಲ್ಲ.

ಹಾಗಾದರೆ 3(ಬಿ) ಯಾಕೆ ಬೇಕು? ಸರ್ಕಾರದ ಮುದ್ರೆಯ ಮಾನಕ್ಕೆ ಎಂದು ನನಗೆ ತೋರುತ್ತದೆ. ಕೆಟ್ಟದ್ದನ್ನು ತಡೆಯಲಾಗದಿದ್ದರೂ ಅದರ ಮೇಲೆ ನಮ್ಮ ಸಹಿ ಇರದಿರಲಿ ಎಂಬ ಆಸೆ. ಕೈ ತೊಳೆದುಕೊಳ್ಳುವುದು ಎಂದು ಇದನ್ನು ಹಳಿಯಬಹುದು. ನಾನು ಹಳಿಯಲಾರೆ. ಸಾಕ್ಷಿ ಹಾಕಲು ಕರೆದಾಗ ಬರಲೊಲ್ಲೆ ಎನ್ನುವವನು ಕ್ರಯಪತ್ರವನ್ನು ನಿಲ್ಲಿಸಲಾರ, ಆದರೂ ಊರಲ್ಲಿ ಅಂಥವನು ಒಬ್ಬನಾದರೂ ಇರುವುದು ಒಳ್ಳೆಯದು.

ನನ್ನ ಅಳಿಯನ ಮಾತಿನಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದೇ, 'ಕಾಗದ' ಎಂಬ ಮಾತು. ಮಹಾಭಾರತದ ವನಪರ್ವದಲ್ಲಿ ಧರ್ಮವ್ಯಾಧನ ಕಥೆ ಬರುತ್ತದೆ. ತಪಸ್ಸಿನ ಗರ್ವದಲ್ಲಿದ್ದ ಕೌಶಿಕನೆಂಬ ಬ್ರಾಹ್ಮಣ ಧರ್ಮ ತಿಳಿಯಲು ಮಿಥಿಲೆಗೆ ಹೋದರೆ ಅಲ್ಲಿ ಅವನಿಗೆ ಗುರುವಾಗಿ ಸಿಗುವವನು ಮಾಂಸದ ಅಂಗಡಿಯಲ್ಲಿ ಕುಳಿತ ವ್ಯಾಧ. ಈ ವ್ಯಾಧ ತಾನು ಕೊಲ್ಲುವುದಿಲ್ಲ, ಬೇರೆಯವರು ಕೊಂದದ್ದನ್ನು ಮಾರುತ್ತಾನೆ. ತಾನು ತಿನ್ನುವುದೂ ಇಲ್ಲ. ನಮ್ಮ ಪರೀಕ್ಷಕನಿಗೆ ಇದಕ್ಕಿಂತ ಹತ್ತಿರದ ಪೂರ್ವಜ ಸಿಗಲಾರ. ತಾನು ಸಿಡಿಸುವುದಿಲ್ಲ, ಬೇರೆಯವರು ಕಟ್ಟಿದ್ದನ್ನು ತೂಗಿ ಕೊಡುತ್ತಾನೆ. ವ್ಯಾಧ ತನ್ನ ಕಸುಬನ್ನು ಬಿಡುವುದಿಲ್ಲ. ಅದು ತನ್ನ ಪಾಲಿಗೆ ಬಂದದ್ದು, ಉಳುವವನೂ ನೆಲದೊಳಗಿನ ಜೀವಿಗಳನ್ನು ಕೊಲ್ಲುತ್ತಾನೆ, ಹಿಂಸೆ ಇಲ್ಲದೆ ಬದುಕುವವನು ಯಾರು ಎಂದು ವಾದಿಸುತ್ತಾನೆ. ಜಾಣ ವಾದ, ಪರೀಕ್ಷಕನೂ ಇದನ್ನೇ ಹೇಳಿಯಾನು. ಆದರೆ ಈ ವಾದಕ್ಕೆ ಕೈಹಾಕುವ ಮೊದಲು ವ್ಯಾಧ ಇನ್ನೊಂದು ಮಾತು ಹೇಳಿರುತ್ತಾನೆ: ನಾನು ಮಾಡುವ ಈ ಕೆಲಸ ಘೋರವಾದದ್ದು, ಅದರಲ್ಲಿ ಸಂಶಯವಿಲ್ಲ ಎಂದು. ಅಂಗಡಿಯಲ್ಲಿರುವುದು ಬರಿಯ ತೂಕ ಎಂದು ಅವನು ಹೇಳುವುದಿಲ್ಲ. ಅದು ಮಾಂಸವೇ. ಕಸುಬಿನ ಮಿತಿಯೊಳಗೆ ಇರುವುದಕ್ಕೂ ಕಸುಬಿನ ವಸ್ತುವಿಗೆ ಹೆಸರಿಡದೆ ಇರುವುದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ. ಪರೀಕ್ಷಕ ಹೊಸದೇ ಎಂದು ಮಾತ್ರ ಕೇಳಲಿ, ಅದು ನ್ಯಾಯವೇ. ಕೇಳುತ್ತಿರುವುದು ಯಾವುದರ ಬಗ್ಗೆ ಎಂಬುದನ್ನು ಮರೆಯಲು ಆ ಪ್ರಶ್ನೆಯನ್ನೇ ಬಳಸಿಕೊಂಡರೆ ನನ್ನ ಜಗಳವಿದೆ.

ಯಾವುದರ ಬಗ್ಗೆ ಎಂದರೆ, ಕರ್ನಾಟಕದವನಾದ ನನಗೆ ಮೊದಲು ನೆನಪಾಗುವುದು ಪಾಂಡವಪುರ ತಾಲೂಕಿನ ಬೇಬಿ ಬೆಟ್ಟ. ಅಲ್ಲಿನ ಕಲ್ಲುಗಣಿಗಳ ಸಿಡಿತದಿಂದ ಕೃಷ್ಣರಾಜಸಾಗರಕ್ಕೆ ಅಪಾಯವಿದೆಯೇ ಎಂಬ ವಿವಾದ ಎಷ್ಟೋ ವರ್ಷ ನಡೆಯಿತು. ಕೊನೆಗೆ 2024ರ ಜನವರಿಯಲ್ಲಿ ರಾಜ್ಯ ಹೈಕೋರ್ಟು, ಅಣೆಕಟ್ಟಿನ ಸುರಕ್ಷತೆಯ ಅಧ್ಯಯನ ಆಗುವವರೆಗೆ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ಕೂಡದೆಂದು ಆಜ್ಞೆ ಮಾಡಿತು. ಇಂಥ ಕಡೆ ಮಾತೆಲ್ಲ ಅಂಕಿಗಳಲ್ಲಿ ನಡೆಯುತ್ತದೆ. ನೆಲದ ಕಣ ಸೆಕೆಂಡಿಗೆ ಎಷ್ಟು ಮಿಲಿಮೀಟರು ವೇಗದಲ್ಲಿ ಅಲುಗಿತು ಎಂದು ಅಳೆಯುತ್ತಾರೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ, ಕಂಪನದ ಆವರ್ತನ 8 ಹರ್ಟ್ಸಿಗಿಂತ ಕಡಿಮೆ ಇದ್ದಾಗ, ಗಣಿಯವರದಲ್ಲದ ವಾಸದ ಮನೆಗೆ ಮಿತಿ 5 ಮಿಲಿಮೀಟರು. ಸೂಕ್ಷ್ಮವಾದ, ಚಾರಿತ್ರಿಕ ಕಟ್ಟಡಗಳಿಗೆ 2. ಕಲ್ಲುಗಣಿಯ ಪಕ್ಕದ ಹಳ್ಳಿಗಳಲ್ಲಿ ಸುತ್ತಾಡಿದವರಿಗೆ ಈ ಮಿಲಿಮೀಟರು ಹೇಗಿರುತ್ತದೆಂದು ಗೊತ್ತು. ಅಟ್ಟದ ಮೇಲಿನ ಪಾತ್ರೆ ಸದ್ದು ಮಾಡುತ್ತದೆ, ಮಣ್ಣಿನ ಗೋಡೆಯ ಮೂಲೆಯಿಂದ ಒಂದು ಗೆರೆ ಹೊರಟು ಮಳೆಗಾಲ ಕಳೆಯುವಷ್ಟರಲ್ಲಿ ಬೆರಳು ತೂರುವಷ್ಟಾಗುತ್ತದೆ. ಅದು ಸಿಡಿತದಿಂದಲೋ ಮಳೆಯಿಂದಲೋ ಎಂದು ಸಾಬೀತುಮಾಡಲು ಅವರ ಬಳಿ ಯಂತ್ರವಿಲ್ಲ.

ಎಲೆಕ್ಟ್ರಾನಿಕ್ ಡಿಟೋನೇಟರು ಈ ಮಿಲಿಮೀಟರನ್ನು ಇಳಿಸಬಲ್ಲದು. ಗೋಡೆಗೆ ಇದು ನಿಜವಾದ ಉಪಕಾರ. ಆದರೆ ಐದರ ಮಿತಿಯಿರುವಲ್ಲಿ ಹಿಂದೆ ಏಳು ಬರುತ್ತಿದ್ದುದರಿಂದ ಅನುಮತಿ ಸಿಗದ ಜಾಗದಲ್ಲಿ, ಈಗ ನಾಲ್ಕು ಬರುತ್ತದೆಂದು ಅನುಮತಿ ಸಿಗಬಹುದು. ಒಂದೊಂದು ಸಿಡಿತವೂ ಮೃದುವಾದ್ದರಿಂದ ಸಿಡಿತಗಳ ಸಂಖ್ಯೆ ಹೆಚ್ಚಬಹುದು. ಗೋಡೆ ಉಳಿದು ಬೆಟ್ಟ ಹೋಗಬಹುದು. ಇದು ಡಿಟೋನೇಟರಿನ ಗುಣವೂ ಅಲ್ಲ, ದೋಷವೂ ಅಲ್ಲ. ಅದನ್ನು ನಾವು ಯಾವ ಲೆಕ್ಕದಲ್ಲಿ ಸೇರಿಸುತ್ತೇವೆ ಎಂಬುದರ ಮೇಲೆ ಹೋಗುತ್ತದೆ. ಸುರಕ್ಷತೆಯನ್ನು ಕುಳಿಗೊಂದರಂತೆ ಅಳೆದರೆ ಒಂದು ಉತ್ತರ, ಬೆಟ್ಟಕ್ಕೊಂದರಂತೆ ಅಳೆದರೆ ಇನ್ನೊಂದು. ಬಿಕ್‌ಫರ್ಡನ ಬತ್ತಿಯಿಂದ ಹಿಡಿದು ಇವತ್ತಿನವರೆಗೆ ನಾವು ಅಳೆದದ್ದು ಕುಳಿಯ ಲೆಕ್ಕದಲ್ಲಿ.

ಮತ್ತೆ, ಸಾವುಗಳೆಲ್ಲ ಗಡಿಯಾರದ ತಪ್ಪಿನಿಂದ ಆಗುವುದಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿ ಹುಣಸೋಡಿನಲ್ಲಿ ಕಲ್ಲುಗಣಿಗೆಂದು ತಂದ ಸ್ಫೋಟಕ ಲಾರಿಯಲ್ಲೇ ಸಿಡಿಯಿತು. ದೂರದ ಊರುಗಳವರೂ ಭೂಕಂಪವೆಂದು ಮನೆಯಿಂದ ಹೊರಗೆ ಓಡಿಬಂದರು. ತಿಂಗಳು ಕಳೆದು ಫೆಬ್ರವರಿ 23ರಂದು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಮತ್ತೆ ಆರು ಮಂದಿ ಸತ್ತರು. ಅರ್ಜಿಯ ಹಿನ್ನೆಲೆಯ ಪುಟದಲ್ಲಿ ಬರುವ 'ಕೆಲಸಗಾರರ ಸುರಕ್ಷತೆ' ಇವರನ್ನು ತಲುಪುವುದಕ್ಕೆ ಮಿಲಿಸೆಕೆಂಡಿನ ನಿಖರತೆಯೊಂದೇ ಸಾಲದು. ಲಾರಿ, ದಾರಿ, ಪರವಾನಗಿ, ರಾತ್ರಿಯ ಹೊತ್ತು, ಕಾಯುವವನ ಸಂಬಳ ಇವೆಲ್ಲ ಸರಿಯಿರಬೇಕು. ಇವು ಯಾವುದಕ್ಕೂ ಪೇಟೆಂಟ್ ಸಿಗುವುದಿಲ್ಲವಾದ್ದರಿಂದಲೋ ಏನೋ ಇವುಗಳಲ್ಲಿ ಹೊಸದನ್ನು ಕಂಡುಹಿಡಿಯಲು ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಧರ್ಮವ್ಯಾಧನ ಕಥೆಯನ್ನು ನಾನು ಅಳಿಯನಿಗೆ ಬರೆದು ಕಳಿಸಿದ್ದೆ. ಅವನಿಗೆ ಕಥೆ ಹಿಡಿಸಿತೋ ಇಲ್ಲವೋ, ಹೇಳಲಿಲ್ಲ. ಆದರೆ ಕೆಲವು ತಿಂಗಳ ಮೇಲೆ ಫೋನು ಮಾಡಿದಾಗ ತಾನಾಗಿಯೇ ಒಂದು ಸಂಗತಿ ಹೇಳಿದ. ಸಿಡಿಯದೆ ಉಳಿದ ಡಿಟೋನೇಟರು ಈ ಕಸುಬಿನ ಬಹು ದೊಡ್ಡ ಭಯ. ಎಲ್ಲ ಸಿಡಿಯಿತೆಂದು ತಿಳಿದು ಕಲ್ಲು ತೆಗೆಯಲು ಹೋದವನ ಗುದ್ದಲಿಗೋ ಯಂತ್ರಕ್ಕೋ ಅದು ಸಿಕ್ಕುತ್ತದೆ. ಪ್ರಕಟವಾಗಿದ್ದ ಒಂದು ಅರ್ಜಿಯಲ್ಲಿ, ಸಂಕೇತ ನಡುವೆ ಕಡಿದುಹೋದರೆ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತು ಹೇಗೆ ಖಾಲಿಯಾಗುತ್ತದೆ, ಎಷ್ಟು ಹೊತ್ತಿನಲ್ಲಿ ಎಂಬುದನ್ನು ಸರಿಯಾಗಿ ಹೇಳಿರಲಿಲ್ಲವಂತೆ. ಸಾಧನವನ್ನು ಪೂರ್ಣವಾಗಿ ವಿವರಿಸಬೇಕೆಂಬ 10ನೆಯ ಕಲಮಿನ ಕೆಳಗೆ ಅವನು ಅದನ್ನೊಂದು ಆಕ್ಷೇಪವಾಗಿ ಎತ್ತಿದ.

"ನೀತಿ ಪಾಠ ಅಲ್ಲ ಮಾವ, ವಿವರಣೆ ಸಾಲದು ಅಂತ ಬರೆದೆ," ಎಂದ.

ಉತ್ತರ ಬಂತು. ಮೂಲದಲ್ಲಿ ಇಲ್ಲದ್ದನ್ನು ಆಮೇಲೆ ವಿವರಣೆಗೆ ಸೇರಿಸಲು 59ನೆಯ ಕಲಮು ಬಿಡುವುದಿಲ್ಲ. ಆದ್ದರಿಂದ ಅರ್ಜಿದಾರರು ಚಿತ್ರದಲ್ಲಿ ಆಗಲೇ ಇದ್ದ ಒಂದು ರೆಸಿಸ್ಟರನ್ನು ತೋರಿಸಿ, ವಿದ್ಯುತ್ತು ಅದರ ಮೂಲಕ ಇಳಿದುಹೋಗುತ್ತದೆಂದೂ, ಅಲ್ಲಿಯವರೆಗೆ ಕೆಲಸಗಾರರು ಕುಳಿಗಳಿಂದ ದೂರ ನಿಲ್ಲಬೇಕೆಂದೂ ತಮ್ಮ ಪತ್ರದಲ್ಲಿ ಬರೆದಿದ್ದರು. ಪತ್ರ ಕಡತಕ್ಕೆ ಸೇರಿತು. ಬೇಕಾದವರು ಈಗ ಅದನ್ನು ಓದಬಹುದು.

"ಆಮೇಲೆ?" ಎಂದೆ.

"ಆಮೇಲೆ ಮುಂದಿನ ಆಕ್ಷೇಪ. 3(ಕೆ)," ಎಂದ.